ಮುಂದಿನ ಕೈಗೆ

ಅಂಟು ತಳ ಹಿಡಿಯಿತು. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಹೀಗಾದದ್ದು ಇದೇ ಮೊದಲು. ಗೋಧಿಯ ಪಿಷ್ಟವನ್ನು ನೀರಲ್ಲಿ ಕದಡಿ, ಸಣ್ಣ ಉರಿಯಲ್ಲಿಟ್ಟು, ಮರದ ಸೌಟಿನಿಂದ ಬಿಡದೆ ತಿರುಗಿಸುತ್ತ ನಿಲ್ಲುವುದು ಅವಳ ಬೆಳಗಿನ ಮೊದಲ ಕೆಲಸ. ಕೈ ತನ್ನ ಪಾಡಿಗೆ ತಾನು ತಿರುಗಿಸುತ್ತಿರುತ್ತಿತ್ತು. ಮನಸ್ಸು ಎಲ್ಲಿಗೆ ಹೋಗಿದ್ದರೂ ಹೊತ್ತಿಗೆ ಸರಿಯಾಗಿ ವಾಪಸು ಬಂದು ಒಲೆ ಆರಿಸುತ್ತಿತ್ತು. ಇವತ್ತು ಬರಲಿಲ್ಲ. ಸೀದ ವಾಸನೆ ರಿಪೇರಿ ಕೋಣೆಯ ತುಂಬ ಹರಡಿದ ಮೇಲೆ ಪಾತ್ರೆಯನ್ನು ತೊಟ್ಟಿಯಲ್ಲಿಟ್ಟು ನಲ್ಲಿ ಬಿಟ್ಟಳು, ಕಿಟಕಿ ತೆರೆದಳು, ಕಳ್ಳಿಯ ಹಾಗೆ ಬಾಗಿಲ ಕಡೆ ಒಮ್ಮೆ ನೋಡಿದಳು. ಯಾರೂ ಇರಲಿಲ್ಲ. ಅಂಟಜ್ಜ ಇದ್ದಿದ್ದರೆ "ಏನಮ್ಮ, ನಕಾಶೆಗೆ ಒಗ್ಗರಣೆ ಕೊಡ್ತಿದ್ದೀಯ?" ಅನ್ನುತ್ತಿದ್ದ. ಹಳೆಯ ನಕಾಶೆಗಳನ್ನು ರಿಪೇರಿ ಮಾಡುವ ಈ ಕೆಲಸ ಅವಳಿಗೆ ಕಲಿಸಿದವನು ಅವನು. ತಲೆ ಪೂರ್ತಿ ನರೆಯುವ ಮೊದಲೇ ಇಡೀ ಗ್ರಂಥಾಲಯ ಅವನಿಗೆ ಅಜ್ಜನ ಪಟ್ಟ ಕಟ್ಟಿತ್ತು. ಅಂಗಿಯ ತೋಳಿನಲ್ಲಿ ಸದಾ ಒಣಗಿದ ಅಂಟು ಇರುತ್ತಿದ್ದುದರಿಂದ ಅಂಟಜ್ಜನಾದ. ಅವನೂ ಖುಷಿಯಿಂದ ಹಾಗೇ ಸಹಿ ಹಾಕುತ್ತಿದ್ದ. ಈಗ ನಿವೃತ್ತನಾಗಿ ಮಗಳ ಮನೆಯಲ್ಲಿದ್ದಾನೆ. ತಿಂಗಳಿಗೊಮ್ಮೆಯಾದರೂ ಹೋಗಿ ನೋಡಬೇಕು ಅಂದುಕೊಂಡು ಅವಳು ವರ್ಷವೇ ಕಳೆದುಬಿಟ್ಟಿದ್ದಳು.

ಹತ್ತು ಗಂಟೆಗೆ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಏನಿದೆ ಎಂದು ಎಲ್ಲರಿಗೂ ಗೊತ್ತು, ಅದು ಬಂದರೆ ಏನಾಗುತ್ತದೆ ಎಂದು ಅವಳೊಬ್ಬಳಿಗೆ ಗೊತ್ತು. ಮುಂದಿನ ವಾರದ ಪ್ರದರ್ಶನಕ್ಕೆ ಬೇರೊಂದು ಗ್ರಂಥಾಲಯದಿಂದ ಅದೇ ದ್ವೀಪದ ನಕಾಶೆ, ಅದೇ ತಾಮ್ರದ ತಗಡಿನಿಂದ ತೆಗೆದ ಇನ್ನೊಂದು ಅಚ್ಚು, ಎರವಲು ಬರುತ್ತಿದೆ. ಜಗತ್ತಿನಲ್ಲಿ ಉಳಿದಿರುವುದೇ ಎರಡು, ಆ ಇನ್ನೊಂದನ್ನು ಇಲ್ಲಿ ಯಾರೂ ಚಿತ್ರದಲ್ಲಿ ಕೂಡ ನೋಡಿಲ್ಲ. ಅಕ್ಕಪಕ್ಕ ತೂಗು ಹಾಕುತ್ತಾರಂತೆ. ಜನ ಇದನ್ನೊಮ್ಮೆ ಅದನ್ನೊಮ್ಮೆ ನೋಡುತ್ತಾರಂತೆ. ನಿರ್ದೇಶಕರು ಈ ಮಾತು ಹೇಳಿದಾಗ ಅವರ ಮುಖ ಇಷ್ಟಗಲ ಆಗಿತ್ತು. ಅವಳು ಒಳ್ಳೆಯದು ಸರ್ ಎಂದಿದ್ದಳು, ಆಮೇಲೆ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಿದ್ದಳು. ತಮ್ಮ ಗ್ರಂಥಾಲಯದ ನಕಾಶೆ ಈಗ ಎದುರಿನ ಉದ್ದ ಮೇಜಿನ ಮೇಲೆ, ಚೌಕಟ್ಟಿನಿಂದ ಹೊರಗೆ, ಮಲಗಿತ್ತು. ಯಾವ ಹಡಗಿನ ದಾರಿಗೂ ಹತ್ತಿರವಲ್ಲದ ಪುಟ್ಟ ದ್ವೀಪ. ಕೊರೆಯುವವನು ಎಲ್ಲವನ್ನೂ ತಗಡಿನ ಮೇಲೆ ಹಿಂದುಮುಂದಾಗಿ ಕೊರೆದಿದ್ದಾನೆ, ಕಾಗದದ ಮೇಲೆ ನೆಟ್ಟಗೆ ಬರಲೆಂದು: ಕೂದಲೆಳೆಯಂಥ ಗೆರೆಗಳಲ್ಲಿ ಗುಡ್ಡ, ನೀರಿನ ಆಳ ಹೇಳುವ ಅಂಕಿಗಳು, ಒಂದು ತಿಮಿಂಗಿಲ. ತಿಮಿಂಗಿಲವನ್ನು ಅವನು ಯಾವತ್ತೂ ನೋಡಿದ್ದಿರಲಿಕ್ಕಿಲ್ಲ, ಅದಕ್ಕೆ ಎತ್ತಿನ ಕಣ್ಣಿಟ್ಟಿದ್ದಾನೆ. ದ್ವೀಪದ ಬಲಬದಿಯ ಮೇಲ್ಭಾಗದಲ್ಲಿ ಕರಾವಳಿ ಒಳಕ್ಕೆ ಬಾಗಿ, ದುಂಡಗೆ ತಿರುಗಿ, ಕೊನೆಯಲ್ಲೊಂದು ಸೀಳಿನೊಂದಿಗೆ ಮುಗಿಯುವ ಸಣ್ಣ ಕೊಲ್ಲಿ. ಪ್ರದರ್ಶನದ ಪುಸ್ತಕದ ಮುಖಪುಟದಲ್ಲಿ ದೊಡ್ಡದಾಗಿ ಬಂದಿರುವುದು ಅದೇ. ನಿರ್ದೇಶಕರು ಮುನ್ನುಡಿಯಲ್ಲಿ, ದಣಿದ ನಾವಿಕರು ಈ ಕೊಲ್ಲಿಯಲ್ಲೇ ಇಳಿದು ಸಿಹಿನೀರು ತುಂಬಿಕೊಂಡಿರಬೇಕು ಎಂದು ಅರ್ಧ ಪುಟ ಬರೆದಿದ್ದಾರೆ. ಆ ಕೊಲ್ಲಿಯನ್ನು ಬರೆದವಳು ಅವಳು. ಹತ್ತೊಂಬತ್ತು ವರ್ಷದ ಹಿಂದೆ, ಇದೇ ಮೇಜಿನ ಮೇಲೆ.

ನಕಾಶೆ ಕೈಗೆ ಬಂದಾಗ ಅಲ್ಲಿ ಅಂಗೈಯಗಲದ ತೂತಿತ್ತು, ಇಲಿ ತಿಂದದ್ದು. ತೂತಿಗೆ ಅದೇ ಬಣ್ಣದ ಕಾಗದದ ತೇಪೆ ಹಚ್ಚಬೇಕು, ಆದರೆ ಹೋದ ಗೆರೆಯನ್ನು ಊಹಿಸಿ ಬರೆಯಕೂಡದು, ಖಾಲಿ ಬಿಡಬೇಕು. ಅಂಟಜ್ಜ ಕಲಿಸಿದ ಮೊದಲ ಪಾಠ ಇದು. ಎರಡನೆಯದು, ಹಚ್ಚಿದ್ದೆಲ್ಲ ನೀರಿಗೆ ಬಿಟ್ಟುಕೊಡುವಂತಿರಬೇಕು, ಮುಂದೆ ಯಾರಾದರೂ ತೆಗೆಯಬೇಕೆಂದರೆ ನಕಾಶೆಗೆ ನೋವಾಗದೆ ಬರಬೇಕು. ಮೂರನೆಯದು ಈ ಕೋಣೆಯದೇ ರೂಢಿ, ಬೇರೆಲ್ಲೂ ಇದ್ದಂತಿಲ್ಲ: ತೇಪೆಯ ಅಂಚು ಒಂದು ಬೆರಳಿನಷ್ಟು ನಕಾಶೆಯ ಅಡಿಗೆ ಹೋಗುತ್ತದಲ್ಲ, ಕಣ್ಣಿಗೆ ಕಾಣದ ಆ ಅಂಚಿನಲ್ಲಿ ಮೆತ್ತನೆ ಪೆನ್ಸಿಲಿನಿಂದ ಯಾರು, ಯಾವಾಗ, ಏನು ಮಾಡಿದರು ಎಂದು ಬರೆಯಬೇಕು. ಅಂಟಜ್ಜ ಅದಕ್ಕೆ ಮುಂದಿನ ಕೈಗೆ ಚೀಟಿ ಎನ್ನುತ್ತಿದ್ದ. ನೂರು ವರ್ಷದ ಮೇಲೆ ಯಾವನೋ ಬಿಚ್ಚಿದಾಗ ಅವನಿಗೆ ನಾವು ಹೇಳುವುದಿರುತ್ತದಲ್ಲ, ಅನ್ನುತ್ತಿದ್ದ. ಆ ತೇಪೆಗೆ ಅವಳು ಚೀಟಿ ಬರೆಯಲಿಲ್ಲ. ಏನೆಂದು ಬರೆಯುವುದು? ಕೊಲ್ಲಿ ಬರೆದು, ಬೆಸುಗೆ ಭೂತಗನ್ನಡಿಗೂ ಸಿಗದ ಹಾಗೆ ಕೂಡಿಸಿ, ಅದೇ ಸಂಜೆ ಜ್ವರ ಬಂದು ಮಲಗಿದಳು. ಹತ್ತು ದಿನ ಬಿಟ್ಟು ಬರುವಷ್ಟರಲ್ಲಿ ಅಂಟಜ್ಜ ನಕಾಶೆಯ ಬೆನ್ನಿಗೆ ಇಡಿಯಾಗಿ ಇನ್ನೊಂದು ಕಾಗದ ಅಂಟಿಸಿ ಕೆಲಸ ಮುಗಿಸಿದ್ದ, ಏನೂ ಹೇಳಲಿಲ್ಲ. ಅವನಿಗೆ ಗೊತ್ತಾಗಲಿಲ್ಲ ಎಂದು ಬದುಕಿಕೊಂಡಳು. ಗೊತ್ತಾಗಲಿಲ್ಲವಲ್ಲ ಎಂದು ಅವನ ಮೇಲೆ ಸಣ್ಣಗೆ ಸಿಟ್ಟೂ ಬಂದಿತ್ತು.

ಆ ಕೊಲ್ಲಿ ಅಮ್ಮನ ಕಿವಿ. ಎಡಗಿವಿ. ಎಳವೆಯಲ್ಲಿ ಹಾಕಿಕೊಂಡ ಭಾರದ ಓಲೆಯಿಂದ ಹಾಲೆ ಹರಿದು ಎರಡಾಗಿತ್ತು, ಕೂಡಿಸಿಕೊಳ್ಳುವ ಗೋಜಿಗೆ ಅಮ್ಮ ಹೋಗಲಿಲ್ಲ. ಅವಳು ಬಟ್ಟೆ ರಫೂ ಮಾಡುವವಳು. ಮನೆಯವರ ಬಟ್ಟೆಗೆ ಬೇಕೆಂದೇ ಬೇರೆ ಬಣ್ಣದ ದಾರ ಹಾಕುತ್ತಿದ್ದಳು. ಕಾಣಲಿ ಬಿಡು, ಹರಿದಿತ್ತು ಅಂತ ಗೊತ್ತಾದ್ರೆ ಏನು ಗಂಟು ಹೋಗುತ್ತೆ, ಅನ್ನುತ್ತಿದ್ದಳು. ಕೊನೆಯ ತಿಂಗಳುಗಳಲ್ಲಿ ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಅಕ್ಕ ಹಗಲೂ ರಾತ್ರಿ ಪಕ್ಕದಲ್ಲಿರುತ್ತಿದ್ದಳು. ಇವಳು ಸಂಜೆ ಬಂದು, ಚೀಲ ಹೆಗಲಲ್ಲೇ ಇಟ್ಟುಕೊಂಡು, ಮಂಚದ ಎಡಬದಿಗೆ ಕೂರುತ್ತಿದ್ದಳು. ಅಮ್ಮ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದುದರಿಂದ ಕಾಣುತ್ತಿದ್ದುದು ಆ ಕಿವಿಯೇ. ಕೊನೆಯ ಸಂಜೆ ಅಮ್ಮ ಕೇಳಿದಳು, "ಕೆಲಸ ಮುಗೀತೇನೇ?" ಇನ್ನೂ ಇಲ್ಲಮ್ಮ ಅಂದಳು. ಅಮ್ಮನಿಗೆ ಕೇಳಿಸಲಿಲ್ಲ, ಮತ್ತೆ ಕೇಳಿದಳು. ಇವಳು ಮತ್ತೆ ಹೇಳಿದಳು. ಮೂರನೆಯ ಸಲ ಕೇಳಿದಾಗ ಏನಾಯಿತೋ, ಆ ದಿನದ ದಣಿವೋ, ಅಕ್ಕನ ಎದುರು ತಾನು ಮಾಡದ ಸೇವೆಯ ಅವಮಾನವೋ, ಒಮ್ಮೆಲೇ ಕಿರುಚಿದಳು: "ಇಲ್ಲ ಅಂದ್ನಲ್ಲ! ಎಷ್ಟು ಸಲ ಹೇಳ್ಬೇಕು ನಿಂಗೆ?" ಪಕ್ಕದ ಮನೆಯ ಕಿಟಕಿ ಸದ್ದಾಯಿತು. ಅಮ್ಮ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು, "ಕೇಳಿಸ್ತು ಬಿಡು" ಅಂದಳು. ಕೇಳಿಸಿರಲಿಲ್ಲ. ಮರುದಿನ ಮಧ್ಯಾಹ್ನ ಅಕ್ಕನ ಫೋನು ಬಂದಾಗ ಇವಳು ಇದೇ ಮೇಜಿನ ಮುಂದೆ, ಇಲಿ ತಿಂದ ತೂತಿನ ಅಂಚನ್ನು ಬ್ರಷ್ಷಿನಿಂದ ಒದ್ದೆ ಮಾಡುತ್ತಿದ್ದಳು. ನಾಲ್ಕನೆಯ ದಿನವೇ ಕೆಲಸಕ್ಕೆ ಓಡಿಬಂದಳು, ಮನೆಯಲ್ಲಿ ಇರಲಾಗದೆ. ಖಾಲಿ ತೇಪೆಯನ್ನು ನೋಡುತ್ತ ಕೂತಳು. ಕೈ ತನ್ನ ಪಾಡಿಗೆ ತಾನು ಸಪೂರ ಲೇಖನಿ ಎತ್ತಿಕೊಂಡಿತು.

ಹತ್ತಕ್ಕೆ ಐದು ನಿಮಿಷವಿರುವಾಗಲೇ ಪೆಟ್ಟಿಗೆ ಬಂತು, ಅದರ ಹಿಂದೆ ಅದನ್ನು ದಾರಿಯುದ್ದ ಕಾಯುತ್ತ ಬಂದ ಹೆಂಗಸು. ಆ ಗ್ರಂಥಾಲಯದವಳು, ಗುಂಗುರು ಕೂದಲು, ನಿದ್ದೆಗೆಟ್ಟ ಕಣ್ಣು, ಬಾಯಿಗೆ ಬಿಡುವಿಲ್ಲ. "ರೈಲಲ್ಲಿ ಇದನ್ನ ಕಾಲಿಗೆ ಕಟ್ಟಿಕೊಂಡು ಕೂತಿದ್ದೆ ಮೇಡಂ. ಎದುರಿನವರು ಒಳಗೇನಿದೆ ಅಂದ್ರು. ದ್ವೀಪ ಅಂದೆ. ಆಮೇಲೆ ಪಾಪ, ಒಂದು ಮಾತೂ ಆಡ್ಲಿಲ್ಲ." ಇವಳಿಗೆ ನಗು ಬಂತು, ಬಂದದ್ದಕ್ಕೆ ಆಶ್ಚರ್ಯವಾಯಿತು. ಇಬ್ಬರೂ ಕೈ ತೊಳೆದು ಒರೆಸಿಕೊಂಡು ಪೆಟ್ಟಿಗೆಯ ತಿರುಪು ಬಿಚ್ಚಿದರು. ಮೊದಲು ಪದರ ಪದರ ಬಿಳಿ ಕಾಗದ. ಇನ್ನೊಂದು ಪದರ ತೆಗೆದರೆ ತನ್ನ ಇಪ್ಪತ್ತೆರಡು ವರ್ಷ ಹೋಯಿತು ಎಂದುಕೊಂಡಳು. ಅಲ್ಲಿ ನಿಜವಾದ ಕರಾವಳಿ ಇರುತ್ತದೆ, ನೆಟ್ಟಗೋ ಡೊಂಕಾಗಿಯೋ, ಒಂದು ಮೂಗಿನ ಹಾಗೋ ಮೊಣಕೈಯ ಹಾಗೋ. ಏನೇ ಇದ್ದರೂ ಅದು ಕಿವಿಯಲ್ಲ. ಪೆಟ್ಟಿಗೆಯಾಕೆ ಕೊನೆಯ ಪದರ ಎತ್ತಿದಳು.

ಅಲ್ಲಿ ಏನೂ ಇರಲಿಲ್ಲ. ಕಾಗದ ಗಟ್ಟಿಮುಟ್ಟಾಗಿತ್ತು, ತೂತಿಲ್ಲ, ಕಲೆಯಿಲ್ಲ. ದಕ್ಷಿಣದಿಂದ ಬಂದ ಕರಾವಳಿಯ ಗೆರೆ ಆ ಜಾಗಕ್ಕೆ ಬಂದು ಚುಕ್ಕಿಗಳಾಗಿ, ಚುಕ್ಕಿಗಳು ದೂರ ದೂರವಾಗಿ, ನಿಂತುಹೋಗಿತ್ತು. ಉತ್ತರದಿಂದ ಬಂದ ಗೆರೆಯೂ ಹಾಗೇ. ಇಲ್ಲಿ ಇಲಿ ತಿಂದಿದ್ದುದು ಆ ಚುಕ್ಕಿಗಳನ್ನೂ ಸೇರಿಸಿ. ನಡುವೆ ಮೂರು ಬೆರಳಗಲ ಖಾಲಿ, ಅದರಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ಒಂದು ಬರಹ. ಪೆಟ್ಟಿಗೆಯಾಕೆ ಆ ಹಳೆಯ ಭಾಷೆ ಬಲ್ಲವಳು, ಬಗ್ಗಿ ಓದಿ ಹೇಳಿದಳು: "'ಮಂಜು ಕವಿದಿತ್ತು. ಈ ಭಾಗವನ್ನು ನಾವು ನೋಡಲಿಲ್ಲ.' ನಮ್ಮಲ್ಲಿ ಎಲ್ಲರಿಗೂ ಇದು ಬಹಳ ಇಷ್ಟ ಮೇಡಂ." ಇವಳು ಆ ಇರುವೆ ಸಾಲಿನ ಮೇಲೆ ಬಗ್ಗಿದಳು. ಎರಡೂವರೆ ಶತಮಾನದ ಹಿಂದೆ ಯಾವನೋ ಒಬ್ಬ ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ನೆನೆದು, ಹಲ್ಲು ಉದುರಿ, ಆ ದ್ವೀಪದ ಮಗ್ಗುಲಿಗೆ ಬಂದು, ಮಂಜು ಕರಗಲೆಂದು ಕಾದು, ಕರಗದಿದ್ದಾಗ ನೋಡಲಿಲ್ಲ ಎಂದು ಬರೆದುಕೊಂಡು ಹೋಗಿದ್ದಾನೆ. ಒಂದು ಗೆರೆ ಎಳೆದಿದ್ದರೆ ಯಾರು ಕೇಳುತ್ತಿದ್ದರು? ತಿಮಿಂಗಿಲಕ್ಕೆ ಎತ್ತಿನ ಕಣ್ಣಿಟ್ಟ ಕೊರೆಯುವವನು ಕೂಡ ಆ ಖಾಲಿಯನ್ನು ಮುಟ್ಟದೆ, ಅಷ್ಟು ಅಕ್ಷರವನ್ನೂ ಹಿಂದುಮುಂದಾಗಿ ಕೊರೆದಿದ್ದಾನೆ. ತಾನು ಕಳೆದುಹೋದ ಕರಾವಳಿಯೊಂದನ್ನು ತುಂಬಿದೆ ಎಂದು ಇಷ್ಟು ವರ್ಷ ನಂಬಿದ್ದಳು. ಅಲ್ಲಿ ಕಳೆದುಹೋದದ್ದು ಒಬ್ಬನ ಸತ್ಯ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದರ ಹಿಂದೆಯೇ, ಯಾಕೆಂದು ತಿಳಿಯದೆ, ಆ ಗುರುತಿಲ್ಲದ ಹಡಗಿನವನ ಮೇಲೆ ಅಕ್ಕರೆ ಉಕ್ಕಿತು.

"ಅರೆ, ನಿಮ್ಮದರಲ್ಲಿ ಕೊಲ್ಲಿ ಇದೆ!" ಪೆಟ್ಟಿಗೆಯಾಕೆ ಆಗಲೇ ಆ ಮೇಜಿನತ್ತ ಓಡಿದ್ದಳು. ಅದೇ ಹೊತ್ತಿಗೆ ಬಾಗಿಲು ತೆರೆದು ನಿರ್ದೇಶಕರು ಬಂದರು. ಒಳ್ಳೆಯ ಮನುಷ್ಯ, ಅವಸರ ಜಾಸ್ತಿ. ಕನ್ನಡಕ ಹಣೆಗೇರಿಸಿ ಅದನ್ನು, ಇಳಿಸಿ ಇದನ್ನು ನೋಡಿದರು, ಬರಹದ ಅರ್ಥ ಕೇಳಿದರು. ಆಮೇಲೆ ತೊಡೆ ತಟ್ಟಿಕೊಂಡರು.

"ಅಂದ್ರೆ ನಮ್ಮದು ಆಮೇಲಿನ ಅಚ್ಚು! ಇನ್ನೊಂದು ಸಲ ಹೋಗಿದ್ದಾರೆ, ಮಂಜು ಇರ್ಲಿಲ್ಲ, ನೋಡ್ಕೊಂಡು ಬಂದು ತಗಡು ತಿದ್ದಿಸಿದ್ದಾರೆ. ಎರಡನೇ ಪ್ರಯಾಣ! ಇದು ಯಾರಿಗೂ ಗೊತ್ತೇ ಇರ್ಲಿಲ್ಲ."

"ಇರಬಹುದು ಸರ್," ಎಂದಳು ಪೆಟ್ಟಿಗೆಯಾಕೆ. ಅವಳ ಕಣ್ಣೂ ಅರಳಿತ್ತು. "ಹಾಗಾದ್ರೆ ನಾವು ಬರೆದದ್ದೆಲ್ಲ ತಿದ್ದಬೇಕು."

ಇಬ್ಬರೂ ಅವಳ ಕಡೆ ತಿರುಗಿದರು, ನಿರ್ದೇಶಕರು ಕೇಳಿದರು: "ನೀವೇನಂತೀರಿ ಮೇಡಂ? ಈ ಕಾಗದ ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?"

ಅವಳು ಏನೂ ಹೇಳಬೇಕಾಗಿರಲಿಲ್ಲ. ತಲೆಯಾಡಿಸಿದ್ದರೆ ಸಾಕಿತ್ತು, ತಲೆಯಾಡಿಸದೆ ಸುಮ್ಮನಿದ್ದರೂ ಸಾಕಿತ್ತು. ಬದುಕಿನಲ್ಲಿ ಇಷ್ಟು ಸಲೀಸಾಗಿ ಅವಳನ್ನು ಯಾರೂ ಪಾರು ಮಾಡಿರಲಿಲ್ಲ. ಅಮ್ಮನ ಕಿವಿ ಮುಖಪುಟದಲ್ಲಿ ಉಳಿಯುತ್ತಿತ್ತು, ನಾಳೆ ದೊಡ್ಡ ದೊಡ್ಡ ಪುಸ್ತಕಗಳಿಗೆ ಹೋಗುತ್ತಿತ್ತು, ಪಂಡಿತರು ಅದರ ಆಳ ಅಳೆಯುತ್ತಿದ್ದರು. ಆಗದ ಪ್ರಯಾಣವೊಂದು ಆಯಿತು ಎಂದಾಗುತ್ತಿತ್ತು. ಮತ್ತು ಆ ಹಡಗಿನವನು, ಮಂಜಿನೆದುರು ಕಾದು ನಿಂತವನು, ಅವಸರಗೇಡಿಯೆಂದೋ ಪುಕ್ಕಲನೆಂದೋ ಆಗುತ್ತಿದ್ದ. ಕೇಳಿಸ್ತು ಬಿಡು, ಎಂದಿದ್ದಳು ಅಮ್ಮ, ಕೇಳಿಸದೆ. ಮಗಳ ಮರ್ಯಾದೆ ಉಳಿಸಲು ಹೇಳಿದ ಆ ಒಂದು ಸುಳ್ಳನ್ನು ಹತ್ತೊಂಬತ್ತು ವರ್ಷ ಹೊತ್ತವಳಿಗೆ ಇನ್ನೊಂದನ್ನು ಹೊರುವ ಶಕ್ತಿ ಇರಲಿಲ್ಲ.

"ಅದು ನಾನು ಬರೆದದ್ದು ಸರ್."

"ಏನು?"

"ಕೊಲ್ಲಿ. ಅಲ್ಲಿ ತೂತಿತ್ತು. ತೇಪೆ ಹಾಕಿ ನಾನೇ ಬರೆದೆ. ಬರೀಬಾರದಿತ್ತು."

ನಿರ್ದೇಶಕರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಅವರ ಅರ್ಧ ಪುಟದ ಸಿಹಿನೀರು ಎಲ್ಲರ ನಡುವೆ ನಿಂತಂತಿತ್ತು. ಪೆಟ್ಟಿಗೆಯಾಕೆ ಮೆಲ್ಲಗೆ ಕಿಟಕಿಯ ಕಡೆ ಮುಖ ಮಾಡಿದಳು. "ಬರೆದ್ರಿ ಅಂದ್ರೆ... ಯಾವ ಆಧಾರದ ಮೇಲೆ?" ನಿರ್ದೇಶಕರ ದನಿ ತಗ್ಗಿಯೇ ಇತ್ತು, ಅದೇ ಹೆಚ್ಚು ಚುಚ್ಚಿತು.

"ನಮ್ಮಮ್ಮನ ಕಿವಿ ಸರ್."

ತೊಟ್ಟಿಯಲ್ಲಿ ನೆನೆಹಾಕಿದ ಪಾತ್ರೆಗೆ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. "ತೆಗೆಯೋಕೆ ಆಗುತ್ತಾ?" ಎಂದರು ನಿರ್ದೇಶಕರು ಕೊನೆಗೆ. ಆಗುತ್ತದೆ ಎಂದಳು. ಹಾಗಾದರೆ ತೆಗೆಯಿರಿ, ಉಳಿದದ್ದು ಆಮೇಲೆ ಮಾತಾಡೋಣ, ಎಂದು ಅವರು ಸ್ಟೂಲು ಎಳೆದುಕೊಂಡು ಅಲ್ಲೇ ಕೂತುಬಿಟ್ಟರು, ಎರಡೂ ಕೈ ಮಂಡಿಯ ಮೇಲೆ.

ನಕಾಶೆಯನ್ನು ಮಗುಚಿ ಹಾಕಿದಳು. ಬೆನ್ನಿನ ಕಾಗದದಲ್ಲಿ ತೇಪೆಯಿದ್ದಷ್ಟು ಜಾಗಕ್ಕೆ ಒದ್ದೆ ಬ್ಲಾಟಿಂಗ್ ಪೇಪರು ಇಟ್ಟು ಮೇಲೊಂದು ಗಾಜು ಹೇರಿದಳು. ಅಂಟು ನೀರು ಕುಡಿದು ಸಡಿಲವಾಗಲು ಇಪ್ಪತ್ತು ನಿಮಿಷ ಬೇಕು; ಅವಸರ ಮಾಡಿದರೆ ಹರಿಯುತ್ತದೆ. ತೆಗೆದ ಮೇಲೆ ಈ ಕೋಣೆಯ ಬೀಗದ ಕೈ ಯಾರಿಗೆ ಕೊಡಬೇಕಾಗುತ್ತದೋ ಎಂದು ಅವಳು ಯೋಚಿಸಿದಳು. ಅದಕ್ಕಿಂತ ಹೆಚ್ಚಾಗಿ, ಇನ್ನು ಆ ಕಿವಿಯನ್ನು ಎಲ್ಲಿ ನೋಡುವುದು ಎಂದು ಯೋಚಿಸಿದಳು. ಮನೆಯಲ್ಲಿರುವ ಫೋಟೋಗಳಲ್ಲೆಲ್ಲ ಅಮ್ಮನದು ನೇರ ನೋಟ, ಕಿವಿಯ ಮೇಲೆ ಸೆರಗು. ಬೆನ್ನಿನ ಕಾಗದ ಬಿಟ್ಟಿತು. ಚಪ್ಪಟೆ ಚಾಕುವಿನ ತುದಿಯನ್ನು ತೇಪೆಯ ಅಂಚಿಗೆ ತಾಗಿಸಿದಳು. ತಾನು ಹಚ್ಚಿದ್ದಾಗಿದ್ದರೆ ಇನ್ನೂ ಹಟ ಮಾಡಬೇಕಿತ್ತು, ಆಗ ದುಃಖದಲ್ಲಿ ಮಂದವಾಗಿ ಹಚ್ಚಿದ್ದಳು. ಇದು ಕರೆದರೆ ಬಂದಂತೆ ಬಂತು, ಗಾಜಿನ ಮೇಲೆ ಮಗುಚಿಟ್ಟಳು. ಅಂಟು ತೆಳ್ಳಗಿತ್ತು, ಯಾರೋ ತುಂಬ ಹುಷಾರಾಗಿ ಹಚ್ಚಿದ ಅಂಟು. ಅವಳ ಕೈ ನಿಂತಿತು. ತಾನು ಖಾಲಿ ಬಿಟ್ಟಿದ್ದ ಅಂಚಿನ ಸುತ್ತ ಪೆನ್ಸಿಲಿನ ಬರಹವಿತ್ತು.

ಅಕ್ಷರಗಳು ತೇಪೆಯ ದಂಡೆಯುದ್ದಕ್ಕೂ ಸುತ್ತು ಹಾಕಿದ್ದವು, ಓದಬೇಕೆಂದರೆ ತೇಪೆಯನ್ನು ತಿರುಗಿಸುತ್ತ ಹೋಗಬೇಕು. ಗುಂಡಗಿನ, ಸ್ವಲ್ಪ ಎಡಕ್ಕೆ ವಾಲುವ ಅಕ್ಷರ. ಕೆಲಸದ ಪಟ್ಟಿಗಳಲ್ಲಿ ಸಾವಿರ ಸಲ ನೋಡಿದ್ದು. ಓದಲು ಹೋದಳು, ಕಣ್ಣು ಮಂಜಾಯಿತು. ನಿರ್ದೇಶಕರು ಎದ್ದು ಬಂದು, ಕನ್ನಡಕ ಹಾಕಿಕೊಂಡು, ತೇಪೆಯಿದ್ದ ಗಾಜನ್ನು ಮೆಲ್ಲಗೆ ತಿರುಗಿಸುತ್ತ ಗಟ್ಟಿಯಾಗಿ ಓದಿದರು.

"'ಮುಂದಿನ ಕೈಗೆ. ಹುಡುಗಿ ಇದನ್ನು ತಾಯಿ ತೀರಿಕೊಂಡ ವಾರ ಬರೆದಳು. ತೆಗೆಯಲು ನನಗೆ ಮನಸ್ಸು ಬರಲಿಲ್ಲ. ತೆಳುವಾಗಿ ಮತ್ತೆ ಹಚ್ಚಿದ್ದೇನೆ, ಸುಲಭವಾಗಿ ಬರುತ್ತದೆ. ಒಂದು ದಿನ ಅವಳೇ ತೆಗೆಯುತ್ತಾಳೆ. ಆಗ ಪಕ್ಕದಲ್ಲಿ ಯಾರಿದ್ದರೂ ಬೈಯಬೇಡಿ. ಅಂಟಜ್ಜ.'"

ನಿರ್ದೇಶಕರು ಗಾಜಿನಿಂದ ಕೈ ತೆಗೆದರು. "ಬೈಯೋಣ ಅಂತಾನೇ ಕೂತಿದ್ದೆ," ಎಂದರು. "ಬಾಯಿಗೆ ಬೀಗ ಹಾಕಿಬಿಟ್ರಲ್ಲ ಮಾರಾಯರು." ಮೂಗು ಒರೆಸಿಕೊಂಡರು. ಮುಖಪುಟದ ಪಾಡು ನೋಡೋಣ, ನಡೆದದ್ದನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಒಳಗಿಡೋಣ, ತನ್ನ ಸಿಹಿನೀರಿಗೆ ಜನ ನಗಲಿ, ಎಂದು ಏನೇನೋ ಹೇಳುತ್ತ ಬಾಗಿಲವರೆಗೆ ಹೋಗಿ, ತಿರುಗಿ, "ಆ ತೇಪೇನ ಎಸೀಬೇಡಿ," ಎಂದು ಹೋದರು. ಎಸೆಯುವುದು ಈ ಕೋಣೆಯ ರೂಢಿಯಲ್ಲೇ ಇಲ್ಲ. ತೆಗೆದದ್ದೆಲ್ಲ ಲಕೋಟೆಯಲ್ಲಿ ನಕಾಶೆಯ ಜೊತೆಗೇ ಉಳಿಯುತ್ತದೆ. ಪೆಟ್ಟಿಗೆಯಾಕೆ ಕೇಳದೆಯೇ ಒಂದು ಲಕೋಟೆ ತಂದು ಮುಂದಿಟ್ಟಳು. ಅವಳು ಅದರ ಮೇಲೆ ತಾರೀಖು ಬರೆದು, ಕೆಳಗೆ, ದ್ವೀಪದ ಭಾಗವಲ್ಲ, ಅಮ್ಮನ ಎಡಗಿವಿ, ಎಂದು ಬರೆದಳು. ಹೊಸ ತೇಪೆ ಕತ್ತರಿಸಿ, ಅಂಚಿನಲ್ಲಿ ಮುಂದಿನ ಕೈಗೆ ಹೇಳಬೇಕಾದದ್ದನ್ನು ಹೇಳಿ, ಹೊಸದಾಗಿ ಕಾಯಿಸಿದ ಅಂಟನ್ನು ತೆಳ್ಳಗೆ ಹಚ್ಚಿ, ಖಾಲಿಯನ್ನು ಖಾಲಿಯಾಗಿಯೇ ಕೂಡಿಸಿದಳು. ಅಷ್ಟು ವರ್ಷ ಅಂಟಜ್ಜ ಪಕ್ಕದ ಸ್ಟೂಲಿನಲ್ಲೇ ಕೂತು, ಇದನ್ನು ಹೊಟ್ಟೆಗೆ ಹಾಕಿಕೊಂಡು, ಒಗ್ಗರಣೆಯ ತಮಾಷೆ ಮಾಡುತ್ತ ಇದ್ದನಲ್ಲ ಎಂದು ನೆನೆದಾಗಲೆಲ್ಲ ಎದೆ ತುಂಬಿ ಬರುತ್ತಿತ್ತು. ತನ್ನನ್ನು ಇಷ್ಟು ನಂಬಿದವರಿದ್ದರು, ತನಗೆ ಗೊತ್ತೇ ಇರಲಿಲ್ಲ.

ಮಧ್ಯಾಹ್ನ ಅಂಟಜ್ಜನಿಗೆ ಫೋನು ಮಾಡಿದಳು. ಮಗಳು ಎತ್ತಿ, "ಅಪ್ಪಂಗೆ ಈಗ ಕಿವಿ ಪೂರ್ತಿ ಮಂದ ಅಕ್ಕಾ, ಜೋರಾಗಿ ಹೇಳ್ಬೇಕು, ಎಷ್ಟು ಸಲ ಹೇಳಿದ್ರೂ ಅಷ್ಟೇ," ಎಂದು ಅವನ ಕೈಗೆ ಕೊಟ್ಟಳು.

"ಯಾರು?"

"ನಾನು, ಅಂಟಜ್ಜ. ಸಂಜೆ ನಿಮ್ಮನ್ನ ನೋಡೋಕೆ ಬರ್ತೀನಿ. ಆ ತೇಪೆ ತೆಗೆದೆ. ಕೆಲಸ ಮುಗೀತು."

"ಏನಂದೆ?"

"ಕೆಲಸ ಮುಗೀತು."

"ಕೇಳಿಸ್ತಿಲ್ಲ ಕಣಮ್ಮ. ಏನು ಮುಗೀತಾ?"

"ಕೆಲಸ ಮುಗೀತು ಅಂಟಜ್ಜ."

"ಹ್ಞಾಂ?"

ಅವಳು ಸ್ಟೂಲನ್ನು ಕಾಲಿಂದ ಹತ್ತಿರಕ್ಕೆಳೆದುಕೊಂಡು ಕೂತಳು. ಎಲ್ಲಿಗೂ ಹೋಗುವ ಅವಸರವಿರಲಿಲ್ಲ, ಸಂಜೆಯವರೆಗೆ ಕೇಳಿದರೂ ಹೇಳಬಹುದಿತ್ತು. ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ, ಮೊದಲ ಸಲ ಹೇಳಿದಷ್ಟೇ ಮೆತ್ತಗೆ, ನಾಲ್ಕನೆಯ ಸಲ ಹೇಳಿದಳು.